ತೆರೆಯ ಮೇಲಿನ ಮಗ

"ಯಾರೇ ಟೀವಿ ಆರಿಸಿದ್ದು?"

ಬಚ್ಚಲುಮನೆಯಿಂದ ಅತ್ತೆ ಕೂಗಿದ ರಭಸಕ್ಕೆ ಸೊಸೆಯ ಕೈಯಲ್ಲಿದ್ದ ಹಾಲಿನ ಲೋಟ ತುಳುಕಿತು. ಮುಖಕ್ಕೆ ಹಚ್ಚಿಕೊಂಡ ಸೋಪನ್ನೂ ತೊಳೆಯದೆ ಆಕೆ ಹೊರಗೆ ಧಾವಿಸಿ ಬಂದರು. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಉರಿಯಲ್ಲೇ ಅರ್ಧ ತೆರೆದು, ಒದ್ದೆ ಕೈಯಿಂದ ಮೇಜಿನ ಮೇಲೆಲ್ಲ ರಿಮೋಟಿಗಾಗಿ ತಡಕಾಡಿದರು. ಆ ಮನೆಯಲ್ಲಿ ಟೀವಿಗಿದ್ದ ಮರ್ಯಾದೆ ಮಾವನವರಿಗೂ ಇರಲಿಲ್ಲ. ಮಾವನವರು ಮಾತಾಡುವಾಗ ಯಾರು ಬೇಕಾದರೂ ನಡುವೆ ಬಾಯಿ ಹಾಕಬಹುದಿತ್ತು. ಟೀವಿ ಮಾತಾಡುವಾಗ ಕೆಮ್ಮುವ ಹಾಗೂ ಇರಲಿಲ್ಲ.

"ಗುಬ್ಬಿ ತಿಂಡಿ ತಿಂತಾ ಇಲ್ಲ ಅತ್ತೆ. ತುತ್ತು ಬಾಯಲ್ಲಿಟ್ಕೊಂಡು ಅದನ್ನೇ ನೋಡ್ತಾ ಕೂತಿರ್ತಾಳೆ. ಐದು ನಿಮಿಷ ಆರಿಸಿದೆ, ಅಷ್ಟೆ."

"ಆ ಐದು ನಿಮಿಷದಲ್ಲೇ ಬಂದುಬಿಟ್ರೆ? ಬಂದು ಹೋಗಿಬಿಟ್ರೆ?"

ಏನು ಬಂದುಬಿಟ್ಟರೆ ಎಂದು ಸೊಸೆ ಕೇಳಲಿಲ್ಲ. ಸುದ್ದಿ ಬರಬೇಕು, ಇನ್ನೇನು! ಟೀವಿ ಹೊತ್ತಿಕೊಂಡಿತು. ತೆರೆಯ ತುಂಬ ಅವನ ಮುಖ. ಅಗಲವಾದ ಹಣೆ, ನಗುತ್ತಿರುವನೋ ಅಣಕಿಸುತ್ತಿರುವನೋ ತಿಳಿಯದ ಆ ಸೊಟ್ಟ ತುಟಿ. ಕೆಳಗೆ ಕೆಂಪು ಪಟ್ಟಿಯಲ್ಲಿ ದೊಡ್ಡ ಅಕ್ಷರ ಓಡುತ್ತಿತ್ತು: ಶಿಕ್ಷೆ ಏನು? ಗಲ್ಲೋ, ಜೀವಾವಧಿಯೋ? ಸೊಸೆ ಮುಖ ತಿರುಗಿಸಿಕೊಂಡಳು. ಆ ಮುಖದಿಂದ ಕಣ್ಣು ತಪ್ಪಿಸುವುದು ಅವಳಿಗೆ ಉಸಿರಾಟದಷ್ಟೇ ರೂಢಿಯಾಗಿತ್ತು.

ಗುಬ್ಬಿ ಇನ್ನೂ ಮೊಲೆ ಬಿಡದಿದ್ದ ಕಾಲಕ್ಕೆ ನಡೆದದ್ದು ಅದು. ಊರ ನಡುವಿನ ದೊಡ್ಡ ವ್ಯಾಪಾರ ಸಂಕೀರ್ಣಕ್ಕೆ ಒಬ್ಬ ಬಂದೂಕು ಹಿಡಿದು ನುಗ್ಗಿದ್ದ. ಎದುರಿಗೆ ಸಿಕ್ಕವರನ್ನೆಲ್ಲ ಹೊಡೆದುರುಳಿಸುತ್ತ ಹೋಗಿದ್ದ. ನೆಲಮಹಡಿಯ ಚಪ್ಪಲಿ ಅಂಗಡಿಯಲ್ಲಿ ಒಬ್ಬ ಗಿರಾಕಿಯ ಕಾಲಿಗೆ ಬೂಟು ತೊಡಿಸುತ್ತ ಮಂಡಿಯೂರಿ ಕೂತಿದ್ದ ಈ ಮನೆಯ ಮಗ ಮತ್ತೆ ಎದ್ದು ನಿಲ್ಲಲಿಲ್ಲ. ಕೊಂದವನು ಜೀವಂತ ಸಿಕ್ಕಿದ. ಅಂದಿನಿಂದ ಅವನದೇ ಮೆರವಣಿಗೆ! ಅವನ ಬಾಲ್ಯ, ಅವನು ಓದಿದ ಶಾಲೆ, ಅವನು ಸಾಕಿದ್ದ ನಾಯಿ, ಅವನನ್ನು ಒಲ್ಲೆನೆಂದ ಹುಡುಗಿ... ಟೀವಿಯವರು ಒಂದನ್ನೂ ಬಿಡಲಿಲ್ಲ. ಸತ್ತವರಿಗೆ ಮಾತ್ರ ಬಾಲ್ಯವೇ ಇರಲಿಲ್ಲವೇನೋ ಎಂಬಂತೆ ಅವರನ್ನು ಒಂದು ಸಾಲಿನಲ್ಲಿ ಓದಿ ಮುಗಿಸುತ್ತಿದ್ದರು.

ವಿಚಾರಣೆ ಮುಗಿದು ಅವನು ಅಪರಾಧಿಯೆಂದು ತೀರ್ಮಾನವಾಗಿತ್ತು. ಉಳಿದದ್ದು ಶಿಕ್ಷೆ. ಸರ್ಕಾರಿ ವಕೀಲೆ ಎಲ್ಲ ಮನೆಯವರನ್ನೂ ಕರೆದು ಬಿಡಿಸಿ ಹೇಳಿದ್ದರು. ಗಲ್ಲು ಬೇಡವೆಂದರೆ ಅವನು ಸಾಯುವ ತನಕ ಜೈಲಿನಲ್ಲಿರಲು ಒಪ್ಪಿ, ಅಪೀಲಿನ ಹಕ್ಕನ್ನು ಬಿಟ್ಟುಕೊಡುತ್ತಾನೆ. ಕೇಸು ಅಲ್ಲಿಗೆ ಮುಗಿಯುತ್ತದೆ, ಕ್ಯಾಮೆರಾಗಳು ಹೊರಟುಹೋಗುತ್ತವೆ. ಗಲ್ಲು ಬೇಕೆಂದರೆ ಅಪೀಲಿನ ಮೇಲೆ ಅಪೀಲು, ವರ್ಷದ ಮೇಲೆ ವರ್ಷ, ಪ್ರತಿ ಸಲವೂ ಇದೇ ಜಾತ್ರೆ. "ಯಾವುದಾದರೂ ಸರಿ, ಎಲ್ಲರೂ ಒಂದೇ ಮಾತು ಹೇಳಿ. ಒಬ್ಬ ತಾಯಿ ಬೇಡ ಅಂದ್ರೂ ನಾನು ಈ ಒಪ್ಪಂದಕ್ಕೆ ಕೈ ಹಾಕಲ್ಲ," ಎಂದಿದ್ದರು ಆಕೆ.

ಎಲ್ಲ ಮನೆಯವರೂ ಸಾಕು ಮಾಡೋಣವೆಂದರು. ಒಲ್ಲೆನೆಂದವರು ಒಬ್ಬರೇ, ಈ ಅತ್ತೆ.

"ಅತ್ತೆ... ನಾಳೆ ವಕೀಲರ ಹತ್ರ ಹೋಗ್ಬೇಕು. ಕೊನೇ ಸಲ ಕೇಳ್ತಾರೆ," ಎಂದಳು ಸೊಸೆ ಮೆಲ್ಲಗೆ.

"ಕೇಳಲಿ. ನನ್ನ ಮಾತು ಒಂದೇ. ಗಲ್ಲು! ನನ್ನ ಮಗ ಮಣ್ಣಾಗಿ ಹೋದ. ಇವನು ಮೂರು ಹೊತ್ತು ಉಂಡುಕೊಂಡು ಕಾಲು ಚಾಚಿ ಮಲಗ್ಬೇಕಾ?"

"ನಾನೂ ಅವರನ್ನ ಕಳಕೊಂಡೋಳೇ ಅಲ್ವಾ ಅತ್ತೆ? ನನಗೆ ನೆಮ್ಮದಿ ಬೇಕು. ಎಲ್ಲಿ ಹೋದ್ರೂ ಆ ಮುಖ. ಬಸ್ಸಲ್ಲಿ, ಅಂಗಡೀಲಿ, ಪಕ್ಕದವರ ಫೋನಲ್ಲಿ... ಗುಬ್ಬಿ ಇದರ ನಡುವೇನೇ ಬೆಳೀಬೇಕಾ?"

"ನೆಮ್ಮದಿ!" ಅತ್ತೆ ಸೋಪು ಮೆತ್ತಿದ ಮುಖದಲ್ಲೇ ಕಹಿಯಾಗಿ ನಕ್ಕರು. "ಬೇಗ ಕೇಸು ಮುಗಿದ್ರೆ ನಿನ್ನ ದಾರಿ ಸಲೀಸು, ಅಲ್ವೇನೇ? ವಯಸ್ಸಿದೆ, ಇನ್ನೊಬ್ಬನ್ನ ನೋಡ್ಕೋತೀಯ. ನನಗೆ ಇನ್ನೊಬ್ಬ ಮಗ ಎಲ್ಲಿಂದ ಬರ್ತಾನೆ?"

ಮಾವನವರು ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡರು. ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ. ಎಂಥ ಜನಜಂಗುಳಿಯಲ್ಲೂ ದಾರಿ ಬಿಡಿಸಿಕೊಂಡವರು ಈ ಇಬ್ಬರು ಹೆಂಗಸರ ನಡುವೆ ಮಾತ್ರ ಗಾಡಿ ನಿಲ್ಲಿಸಿ ಸುಮ್ಮನಾಗಿಬಿಡುತ್ತಿದ್ದರು. ಸೊಸೆ ಲೋಟ ಕೆಳಗಿಟ್ಟು ಕೆಲಸಕ್ಕೆ ಹೊರಟಳು. ಮೆಟ್ಟಿಲು ಇಳಿಯುವಾಗ ಕಣ್ಣು ಮಂಜಾಗಿ ಎರಡು ಸಲ ಕಾಲು ಜಾರಿತು.

ಅವಳಿಗೆ ಕೆಲಸ ಒಂದು ಲಾಂಡ್ರಿಯಲ್ಲಿ. ಬಿಸಿ ಹಬೆಯ ಯಂತ್ರದ ಮುಂದೆ ನಿಂತು ಕೋಟುಗಳಿಗೆ ಇಸ್ತ್ರಿ ಮಾಡುವುದು. ಅಂದು ಕೈಗೆ ಬಂದ ಕಪ್ಪು ಕೋಟನ್ನು ನೋಡುತ್ತಲೇ ಗುರುತು ಹಿಡಿದಳು. ಬಲತೋಳಿನ ಅಂಚು ಸವೆದು ಬಿಳಿಚಿದ ಆ ಕೋಟು ಕೊಲೆಗಾರನ ವಕೀಲರದು. ಕೋರ್ಟಿನಲ್ಲಿ ದಿನವೂ ಆ ತೋಳು ಮೇಲೇಳುವುದನ್ನು ನೋಡಿದ್ದಳು. ಲಾಂಡ್ರಿಯ ಯಜಮಾನ ದೂರದಿಂದಲೇ ಅರ್ಥಮಾಡಿಕೊಂಡು, "ಬಿಡಮ್ಮ, ಅದನ್ನ ನಾನು ಮಾಡ್ತೀನಿ," ಎಂದ.

"ಬೇಡ ಅಣ್ಣ. ಕೋಟು ಏನು ಮಾಡಿದೆ ಪಾಪ!"

ಅಂದಳೇನೋ ನಿಜ. ಆದರೆ ಸವೆದ ಆ ತೋಳನ್ನು ಮಾತ್ರ ಕೊನೆಗೆಂದು ಬಿಟ್ಟಳು. ಅವನನ್ನು ಗಲ್ಲಿನಿಂದ ಉಳಿಸಲು ಹೊರಟ ಈ ವಕೀಲರು ಬೇಡುತ್ತಿರುವುದೂ ಅದೇ, ತಾನು ಬೇಡುತ್ತಿರುವುದೂ ಅದೇ! ಗಂಡನನ್ನು ಕೊಂದವನ ಕಡೆಯವರೂ ತಾನೂ ಒಂದೇ ಮಾತಿಗೆ ಬಂದು ನಿಂತೆವಲ್ಲ... ಅತ್ತೆ ಹೇಳಿದ್ದೇ ನಿಜವೇ? ತನ್ನ ಹೆಂಗರುಳು ಅಷ್ಟು ಬೇಗ ಒಣಗಿಹೋಯಿತೇ? ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಕಾಲರನ್ನು ಮೂರು ಸಲ ಒತ್ತಿದಳು, ಸರಿಯಾಗಲಿಲ್ಲವೆಂದು ಮತ್ತೆ ನೀರು ಚಿಮುಕಿಸಿದಳು. ಎದುರಿನ ಕ್ಷೌರದ ಅಂಗಡಿಯ ಟೀವಿಯಿಂದ ಅವನ ಹೆಸರು ಮತ್ತೆ ಮತ್ತೆ ಕೇಳಿಬರುತ್ತಲೇ ಇತ್ತು.

ಮರುದಿನ ಎಲ್ಲರೂ ಸರ್ಕಾರಿ ವಕೀಲೆಯ ಕಚೇರಿಗೆ ಹೋದರು. ಗುಬ್ಬಿಯನ್ನು ನೋಡಿಕೊಳ್ಳುವವರು ಯಾರೂ ಸಿಗದೆ ಅವಳನ್ನೂ ಕರೆದುಕೊಂಡೇ ಹೋಗಬೇಕಾಯಿತು. ಕಾಯುವ ಕೋಣೆಯಲ್ಲಿ ಉದ್ದನೆಯ ಬೆಂಚುಗಳು. ಒಂದರಲ್ಲಿ ಹೆಂಡತಿಯನ್ನು ಕಳೆದುಕೊಂಡ ಗಡಿಯಾರ ರಿಪೇರಿಯ ಮುದುಕರು, ಇನ್ನೊಂದರಲ್ಲಿ ಮೊಣಕಾಲಿಗೆ ಗುಂಡು ತಗುಲಿದ್ದ ಮೇಷ್ಟ್ರು ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದರು. ಎಲ್ಲರೂ ಪರಿಚಿತರೇ. ಇಷ್ಟು ವರ್ಷ ಒಂದೇ ಕೋರ್ಟಿನ ಬೆಂಚು ಸವೆಸಿದವರು. ಆದರೂ ಇವತ್ತು ಅತ್ತೆಯನ್ನು ಕಂಡು ಯಾರೂ ಎಂದಿನಂತೆ ಊಟ ಆಯ್ತಾ ಎಂದು ಕೇಳಲಿಲ್ಲ. ಈ ಹೆಂಗಸಿನ ಒಂದು ಹೂಂ ಅಥವಾ ಉಹೂಂ ತಮ್ಮೆಲ್ಲರ ಮುಂದಿನ ವರ್ಷಗಳನ್ನು ಹಿಡಿದುಕೊಂಡಿದೆಯೆಂದು ಅವರಿಗೆ ಗೊತ್ತಿತ್ತು. ಅತ್ತೆ ದವಡೆ ಬಿಗಿಹಿಡಿದು ನೇರ ಗೋಡೆಯನ್ನೇ ನೋಡುತ್ತ ಕೂತರು.

ಗುಬ್ಬಿಗೆ ಇದೆಲ್ಲ ಏನು ಗೊತ್ತು? ಬೆಂಚಿನಿಂದ ಬೆಂಚಿಗೆ ಓಡಾಡಿ, ಮೇಷ್ಟ್ರ ಊರುಗೋಲನ್ನು ತಟ್ಟಿ ನೋಡಿ, ಕೊನೆಗೆ ಮೂಲೆಯ ಮೇಜಿನ ಮೇಲಿದ್ದ ವಾರಪತ್ರಿಕೆಯನ್ನು ಎತ್ತಿಕೊಂಡಳು. ಯಾರೋ ಅದನ್ನು ಬೋರಲಾಗಿ ಇಟ್ಟಿದ್ದರು. ಅವಳು ತಿರುಗಿಸಿದಳು. ಮುಖಪುಟದ ತುಂಬ ಅವನ ಮುಖ. ಗುಬ್ಬಿಯ ಕಣ್ಣರಳಿತು. ಪತ್ರಿಕೆಯನ್ನು ಎದೆಗವಚಿಕೊಂಡು ಗಡಿಯಾರದ ಮುದುಕರ ಬಳಿಗೆ ಓಡಿದಳು.

"ತಾತಾ ತಾತಾ, ಇಲ್ಲಿ ನೋಡಿ... ಇವರು ನಮ್ಮಪ್ಪ!"

ಮುದುಕರಿಗೆ ಮೊದಲು ಅರ್ಥವಾಗಲಿಲ್ಲ. ಕನ್ನಡಕ ಮೇಲೇರಿಸಿ ನೋಡಿದರು. ನೋಡಿದವರ ಕೈ ಹಾಗೆಯೇ ಗಾಳಿಯಲ್ಲಿ ನಿಂತಿತು.

"ದಿನಾ ಟೀವೀಲಿ ಬರ್ತಾರೆ! ನಿಮ್ಮನೇಲೂ ಬರ್ತಾರಾ?" ಎಂದು ಕೇಳಿದ ಮಗು ಮುಖಪುಟಕ್ಕೆ ಚಪ್ ಎಂದು ಒಂದು ಮುತ್ತು ಕೊಟ್ಟಿತು.

ಸೊಸೆ ಪತ್ರಿಕೆ ಕಸಿದುಕೊಳ್ಳಲು ಬೆಂಚಿನಿಂದ ಎದ್ದಳು. ಅಷ್ಟರಲ್ಲಿ ಅತ್ತೆ ಎದ್ದು ಬಂದಿದ್ದರು. ಪತ್ರಿಕೆಯನ್ನು ಕಿತ್ತು ಎಸೆದು, ಮಗುವಿನ ಮೇಲೆ ಕೈ ಎತ್ತಿದರು.

"ಥೂ! ಏನಂದೆ? ಯಾರೇ ನಿನಗೆ ಹೇಳ್ಕೊಟ್ಟಿದ್ದು ಇದನ್ನ? ಹೇಳು!"

ಸೊಸೆ ಹಾರಿ ಆ ಕೈಯನ್ನು ಹಿಡಿದಳು. ಮದುವೆಯಾಗಿ ಬಂದಂದಿನಿಂದ ಅತ್ತೆಯ ಮುಂದೆ ಗಟ್ಟಿಯಾಗಿ ಮಾತಾಡದವಳು ಇಂದು ಕಿರುಚಿದಳು. "ಅವಳನ್ನ ಮುಟ್ಬೇಡಿ ಅತ್ತೆ! ಮಗೂಗೆ ಏನು ಗೊತ್ತಾಗತ್ತೆ?"

ಗುಬ್ಬಿ ಬಿಕ್ಕಿ ಬಿಕ್ಕಿ ಅಳುತ್ತ ಅಮ್ಮನ ಕಾಲು ತಬ್ಬಿಕೊಂಡಳು. ಅಳುವಿನ ನಡುವೆಯೇ ತನ್ನ ನ್ಯಾಯವನ್ನೂ ಹೇಳಿದಳು. "ಅಜ್ಜೀನೇ... ಅಜ್ಜೀನೇ ಹೇಳಿದ್ದು... ಬಂದ ನೋಡು, ನಿನ್ನಪ್ಪ ಬಂದ ನೋಡು ಅಂತ... ದಿನಾ..."

ಅತ್ತೆಯ ಕೈ ಸೊಸೆಯ ಹಿಡಿತದಲ್ಲೇ ಸೋತುಹೋಯಿತು. ಆಕೆಯ ಮುಖದಲ್ಲಿ ಮೊದಲು ಕೋಪ ಇಳಿಯಿತು, ಆಮೇಲೆ ಬಣ್ಣ ಇಳಿಯಿತು. ಬಾಗಿಲು ದಾಟಿ ಹೊರಗಿನ ಮೆಟ್ಟಿಲಿನ ಕಡೆ ನಡೆದರು. ಅಲ್ಲಿ ಮೂರನೆಯ ಮೆಟ್ಟಿಲಿನ ಮೇಲೆ ಕುಸಿದು ಕೂತುಬಿಟ್ಟರು.

ಸೊಸೆ ಮಗುವನ್ನು ಎತ್ತಿಕೊಂಡು ಹಿಂದೆಯೇ ಬಂದಳು. ಕೇಳಬೇಕೆಂದಿದ್ದ ಮಾತುಗಳು ಗಂಟಲ ತುಂಬ ಇದ್ದವು. ಎಷ್ಟು ಚುಚ್ಚಿದ್ದರು ಈ ಹೆಂಗಸು ತನ್ನನ್ನು! ಈಗ ತನ್ನ ಸರದಿ. ಆದರೆ ಅತ್ತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಮುದುಡಿ ಮುದ್ದೆಯಾಗಿ ಕೂತದ್ದು ಕಂಡು ಒಂದೂ ಹೊರಗೆ ಬರಲಿಲ್ಲ.

"ನನ್ನ ಮಗ ಬರ್ತಾನಲ್ಲೇ..." ಎಂದರು ಅತ್ತೆ ಬೆರಳುಗಳ ಸಂದಿಯಿಂದ. "ಟೀವೀಲಿ... ಆ ದಿನದ ಅಂಗಡಿ ಕ್ಯಾಮೆರಾದ್ದು. ಉದ್ದ ಕನ್ನಡಿ ಮುಂದೆ ನಿಂತು ತಲೆ ಸರಿಮಾಡ್ಕೋತಾನೆ, ಆಮೇಲೆ ಈ ಕಡೆ ತಿರುಗಿ ನಗ್ತಾನೆ... ಅಷ್ಟೇ. ಕಣ್ಣು ಮಿಟುಕಿಸೋದ್ರೊಳಗೆ ಹೋಗ್ಬಿಡತ್ತೆ. ಯಾವಾಗ ಹಾಕ್ತಾರೋ ಗೊತ್ತಾಗಲ್ಲ. ಅದಕ್ಕೇ ಕಾಯ್ತಾ ಕೂತ್ಕೋತೀನಿ..."

"ಅತ್ತೆ..."

"ಬಂದ ತಕ್ಷಣ ಇವಳನ್ನ ಕೂಗ್ತಿದ್ದೆ. ಗುಬ್ಬೀ, ನಿನ್ನಪ್ಪ ಬಂದ ನೋಡು ಅಂತ. ಇವಳು ಆಟ ಬಿಟ್ಟು ತಲೆ ಎತ್ತಬೇಕಲ್ಲ! ಅಷ್ಟು ಹೊತ್ತಿಗೆ ಅವನು ಹೋಗಿ ಆ ಪಾಪಿ ಬಂದು ನಿಂತಿರ್ತಿದ್ದ. ನನಗೆ ಹೊಳೀಲೇ ಇಲ್ವಲ್ಲೇ! ನನ್ನ ಕಣ್ಣಲ್ಲಿ ಇನ್ನೂ ನನ್ನ ಮಗನೇ ಇರ್ತಿದ್ದ... ಇವಳ ಕಣ್ಣಲ್ಲಿ ಯಾರಿದ್ದಾರೆ ಅಂತ ನಾನು ನೋಡ್ಲಿಲ್ಲ. ನನ್ನ ಕೈಯಾರೆ... ನನ್ನ ಬಾಯಾರೆ ಅವನನ್ನ ಇವಳಿಗೆ ಅಪ್ಪನ್ನ ಮಾಡಿಬಿಟ್ಟೆನಲ್ಲೇ...!"

ಆಕೆ ತಲೆಯನ್ನು ಗೋಡೆಗೆ ಬಡಿದುಕೊಂಡರು. ಸೊಸೆ ನಡುವೆ ತನ್ನ ಅಂಗೈ ಇಟ್ಟಳು.

"ಮನೇಲಿ ಫೋಟೋ ಇದ್ವಲ್ಲ ಅತ್ತೆ. ಎಲ್ಲಾ ತೆಗೆದು ಬೀರೂಲಿ ಬೀಗ ಹಾಕಿಬಿಟ್ರಿ..."

"ಫೋಟೋ ಅಲ್ಲಾಡಲ್ಲ ಕಣೇ! ಗೋಡೆಗೆ ಹಾಕಿದ್ರೆ ಸತ್ತವನ ಹಾಗೇ ಕಾಣ್ತಿದ್ದ. ಟೀವೀಲಿ ನಡೀತಾನೆ, ತಿರುಗ್ತಾನೆ, ನಗ್ತಾನೆ..." ಅತ್ತೆ ಸೊಸೆಯ ತೋಳನ್ನು ಗಟ್ಟಿಯಾಗಿ ಹಿಡಿದರು. "ಗಲ್ಲು ಯಾರಿಗೆ ಬೇಕಿತ್ತು? ಅವನು ಸತ್ರೆ ನನ್ನ ಮಗ ಎದ್ದು ಬರ್ತಾನಾ? ಕೇಸು ಮುಗಿದ್ರೆ... ಮುಗಿದ್ರೆ ಮತ್ತೆ ನನ್ನ ಮಗನ್ನ ಯಾರು ತೋರಿಸ್ತಾರೆ? ಯಾವ ಚಾನೆಲ್ಲಿಗೆ ಬೇಕು ಚಪ್ಪಲಿ ಅಂಗಡಿ ಹುಡುಗ? ಅವನಿದ್ರೆ ತಾನೇ ಇವನು! ಆ ಪಾಪಿ ಸುದ್ದಿಯಲ್ಲಿರೋ ತನಕ ನನ್ನ ಮಗನೂ ಇರ್ತಾನೆ ಅಂತ... ಅಪೀಲು ಎಷ್ಟು ವರ್ಷ ನಡೆದ್ರೂ ನಡೀಲಿ ಅಂತ..."

ಇಷ್ಟು ದಿನ ತಾನು ಕಲ್ಲೆಂದು ತಿಳಿದು ದ್ವೇಷಿಸಿದ ಹೆಂಗಸು ಕಾಯುತ್ತಿದ್ದದ್ದು ಯಾರ ಸಾವಿಗೂ ಅಲ್ಲ. ಮಗ ಒಮ್ಮೆ ಈ ಕಡೆ ತಿರುಗಿ ನಗಲೆಂದು! ಮಗುವನ್ನು ಮಡಿಲಲ್ಲಿಟ್ಟುಕೊಂಡು ಅವಳೂ ಅದೇ ಮೆಟ್ಟಿಲಿನ ಮೇಲೆ ಕೂತಳು.

"ತಪ್ಪು ನಿಮ್ಮೊಬ್ಬರದೇ ಅಲ್ಲ ಅತ್ತೆ. ನನ್ನ ಫೋನಲ್ಲಿ ಅವರ ಎಷ್ಟೊಂದು ಫೋಟೋ ಇವೆ. ಒಂದನ್ನೂ ಇವಳಿಗೆ ತೋರಿಸ್ಲಿಲ್ಲ ನಾನು. ತೆಗೆದ್ರೆ ಎರಡು ದಿನ ಕೈ ಕಾಲು ಆಡಲ್ಲ... ಇವತ್ತು ಬೇಡ, ನಾಳೆ ಅಂತ, ನಾಳೆ ಬೇಡ, ದೊಡ್ಡೋಳಾಗ್ಲಿ ಅಂತ... ನಾವಿಬ್ರೂ ಅವರನ್ನ ಬಚ್ಚಿಟ್ವಿ. ಅವನು ಬಂದು ಆ ಜಾಗದಲ್ಲಿ ಕೂತ."

ಇಬ್ಬರೂ ಅತ್ತರು. ಯಾರು ಯಾರನ್ನು ಸಂತೈಸುತ್ತಿದ್ದಾರೆಂದು ಹೇಳುವಂತಿರಲಿಲ್ಲ. ಮಾವನವರು ಯಾವಾಗಲೋ ಬಂದು ನೀರಿನ ಬಾಟಲಿ ಹಿಡಿದು ಮೇಲಿನ ಮೆಟ್ಟಿಲಿನಲ್ಲಿ ನಿಂತಿದ್ದರು. ಹೆಂಡತಿಗೆ ನೀರು ಕೊಡಲು ಬಾಗಿದವರು ಬಾಗಿದಂತೆಯೇ ಹೇಳಿದರು.

"ಇದನ್ನ ನನಗಾದ್ರೂ ಹೇಳ್ಬಾರದಿತ್ತೇನೇ? ನಾನು ದಿನಾ ಪತ್ರಿಕೆ ಅಡ್ಡ ಹಿಡ್ಕೊಂಡು ಕೂತಿರ್ತೀನಲ್ಲ... ಅದರ ಮೇಲಿಂದ ನಾನೂ ಅದಕ್ಕೇ ನೋಡ್ತಿದ್ದೆ."

ಅತ್ತೆ ಗಂಡನ ಮುಖವನ್ನು ನೋಡಿದರು. ಆಮೇಲೆ ನೀರು ಕುಡಿದು, ಮುಖ ಒರೆಸಿಕೊಂಡು, ಸೊಸೆಯ ಭುಜ ಹಿಡಿದು ಎದ್ದರು. ಒಳಗೆ ಬಂದಾಗ ಗಡಿಯಾರದ ಮುದುಕರು ಸರಿದು ದಾರಿ ಬಿಟ್ಟರು. ವಕೀಲೆಯ ಮೇಜಿನ ಮುಂದೆ ನಿಂತ ಅತ್ತೆಗೆ ಕೂರಲೂ ತಾಳ್ಮೆಯಿರಲಿಲ್ಲ.

"ಬೇಡಮ್ಮ," ಎಂದರು. "ಗಲ್ಲು ಬೇಡ. ಇವತ್ತೇ ಮುಗಿಸೋಕಾಗತ್ತಾ?"

"ಯೋಚನೆ ಮಾಡಿದೀರಾ ಅಮ್ಮಾ? ಆಮೇಲೆ ಬದಲಾಯಿಸೋಕಾಗಲ್ಲ."

"ಯೋಚನೆ ಮಾಡಿದ್ರೆ ಮತ್ತೆ ಆಗಲ್ಲ. ಈಗಲೇ ಬರ್ಕೊಳಿ. ಅವನು ಬದುಕಲಿ. ಯಾರ ಕಣ್ಣಿಗೂ ಬೀಳದ ಹಾಗೆ, ಯಾರ ಬಾಯಲ್ಲೂ ಬರದ ಹಾಗೆ ಬದುಕಲಿ. ನನ್ನ ಮಗ... ನನ್ನ ಮಗನೂ ಇನ್ನು ಬರಲ್ಲ. ಇರ್ಲಿ. ಆಯ್ತು."

ಆ ಕೊನೆಯ ಎರಡು ಮಾತಿಗೆ ಆಕೆ ಏನನ್ನು ಒತ್ತೆಯಿಟ್ಟರೆಂದು ಆ ಕೋಣೆಯಲ್ಲಿ ತಿಳಿದಿದ್ದವರು ಮೂವರೇ. ಊರುಗೋಲಿನ ಮೇಷ್ಟ್ರು ಎದ್ದು ನಿಂತು ಕೈ ಮುಗಿದರು.

ಶಿಕ್ಷೆ ಓದುವ ದಿನ ಕೋರ್ಟಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ಒಳಗೆ ನ್ಯಾಯಾಧೀಶರು ಕೆಲವೇ ಮಾತಿನಲ್ಲಿ ಮುಗಿಸಿದ್ದನ್ನು ಹೊರಗಿನವರು ಇಡೀ ದಿನ ಎಳೆಯಲು ತಯಾರಾಗಿ ನಿಂತಿದ್ದರು. ಅತ್ತೆ ಹೊರಬರುತ್ತಿದ್ದಂತೆ ಮೈಕುಗಳು ಮುಖಕ್ಕೆ ಚಾಚಿಕೊಂಡವು. ಪೌಡರು ಬಳಿದುಕೊಂಡ ಒಬ್ಬ ವರದಿಗಾರ್ತಿ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದಳು.

"ಅಮ್ಮಾ, ಮಗನನ್ನು ಕೊಂದವನಿಗೆ ಗಲ್ಲು ಬೇಡ ಅಂದ್ರಿ. ಅವನನ್ನು ಕ್ಷಮಿಸಿದೀರಾ?"

"ಇಲ್ಲ. ಸಾಯೋ ತನಕ ಕ್ಷಮಿಸಲ್ಲ," ಎಂದರು ಅತ್ತೆ. "ಸಾಕು ಮಾಡಿ ಅಂತ ಕೇಳ್ಕೊಂಡಿದೀನಿ, ಅಷ್ಟೆ. ನೀವೂ ಸಾಕು ಮಾಡ್ರಮ್ಮ. ಅವನ ಮುಖ ತೋರಿಸ್ಬೇಡಿ. ಮನೇಲಿ ಮಕ್ಕಳಿದ್ದಾರೆ."

"ಅಮ್ಮಾ, ಮೈಕು ಸರಿಯಾಗಿರಲಿಲ್ಲ. ಇನ್ನೊಂದು ಸಲ ಈ ಕಡೆ ತಿರುಗಿ ಹೇಳ್ತೀರಾ? ಸ್ವಲ್ಪ ಕಣ್ಣೀರು..."

ಸೊಸೆ ಆ ಮೈಕನ್ನು ಅಂಗೈಯಿಂದ ಪಕ್ಕಕ್ಕೆ ಸರಿಸಿ ಅತ್ತೆಯನ್ನು ತೋಳಿನಲ್ಲಿ ಬಳಸಿ ನಡೆಸಿಕೊಂಡು ಹೋದಳು. ಮಾವನವರು ಮುಂದೆ ಮುಂದೆ, "ದಾರಿ ಬಿಡಿ, ದಾರಿ ಬಿಡಿ," ಎಂದು ಹಳೆಯ ಡ್ರೈವರಿನ ಗತ್ತಿನಲ್ಲಿ ಜನರನ್ನು ಸೀಳುತ್ತಿದ್ದರು.

ಮನೆಗೆ ಬಂದವರೇ ಅತ್ತೆ ಚಪ್ಪಲಿಯನ್ನೂ ಬಿಡದೆ ಬೀರುವಿನ ಬೀಗ ತೆಗೆದರು. ಸಂಜೆಯ ಸುದ್ದಿಯಲ್ಲಿ ಇವತ್ತಂತೂ ಎಲ್ಲ ಚಾನೆಲ್ಲಿನಲ್ಲೂ ಮಗ ಬಂದೇ ಬರುತ್ತಾನೆಂದು ಆಕೆಗೆ ಗೊತ್ತಿತ್ತು. ಬಹುಶಃ ಕೊನೆಯ ಸಲ. ಪಕ್ಕದ ಮನೆಯಿಂದ ಸುದ್ದಿಯ ಸಂಗೀತ ಕೇಳಿದಾಗ ಆಕೆಯ ಕತ್ತು ತಾನಾಗಿ ಆ ಕಡೆ ಹೊರಳಿತು. ಸೊಸೆ ನೋಡುತ್ತಿದ್ದಳು. ಬೇಕಾದರೆ ಹಾಕಿಕೊಳ್ಳಿ ಅತ್ತೆ, ಗುಬ್ಬಿಯನ್ನು ನಾನು ಹೊರಗೆ ಕರೆದುಕೊಂಡು ಹೋಗ್ತೀನಿ ಎನ್ನಬೇಕೆಂದು ಬಾಯಿ ತುದಿಗೆ ಬಂದಿತ್ತು. ಅಷ್ಟರಲ್ಲಿ ಅತ್ತೆ ಬೀರುವಿನ ತಳದಿಂದ ಒಂದು ಫೋಟೋ ಎಳೆದು, ಧೂಳು ಒರೆಸಿ, ನೆಲದ ಮೇಲೆ ಕೂತು, ಗುಬ್ಬಿಯನ್ನು ತೊಡೆಯ ಮೇಲೆ ಕೂರಿಸಿಕೊಂಡರು.

ಗುಬ್ಬಿ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು, ಪರಿಚಯವಿಲ್ಲದವರನ್ನು ನೋಡುವ ಹಾಗೆ ತಲೆ ಓರೆಮಾಡಿ ನೋಡಿದಳು.

"ಇವರು ಯಾರಜ್ಜಿ?"

ಅತ್ತೆ ಫೋಟೋದ ಅಂಚನ್ನು ಸೆರಗಿನಿಂದ ಮತ್ತೊಮ್ಮೆ ಒರೆಸಿದರು. "ನನ್ನ ಮಗ ಕಣೇ," ಎಂದರು.

"ಒಳ್ಳೆಯವರಾ?"

"ಮಹಾ ಹಟಮಾರಿ. ನಿನ್ನ ಹಾಗೇ. ಅನ್ನದ ತಟ್ಟೆ ಮುಂದಿಟ್ರೆ ಓಡಿಹೋಗ್ತಿದ್ದ..." ಅಳುವೂ ನಗುವೂ ಒಟ್ಟಿಗೆ ನುಗ್ಗಿ ಬಂದು ಆಕೆಗೆ ಮುಂದೆ ಹೇಳಲಾಗಲಿಲ್ಲ.

ಗುಬ್ಬಿ ಫೋಟೋದ ಮೂಗನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ನಿನ್ನ ಮಗ ಅಂದ್ರೆ, ನನಗೇನಾಗ್ಬೇಕಜ್ಜಿ?"

ಅತ್ತೆ ಬಾಯಿ ತೆರೆದರು. ಸಾವಿರ ಸಲ ಕೂಗಿ ಕೂಗಿ ಹೇಳಿದ ಆ ಒಂದು ಮಾತು ಈಗ ನಾಲಿಗೆಗೆ ಬರಲೊಲ್ಲದು. ತಲೆಯೆತ್ತಿ ಸೊಸೆಯನ್ನು ನೋಡಿದರು. "ನನ್ನಿಂದಾಗಲ್ಲ," ಎಂದರು. "ನೀನು ಹೇಳಮ್ಮ."

ಸೊಸೆ ಅತ್ತೆಯ ಪಕ್ಕದಲ್ಲಿ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಳು. ಮಗಳ ಕೆನ್ನೆ ಸವರಿ, ಆ ಮಾತನ್ನು ಹೇಳಿದಳು. ಗುಬ್ಬಿ ಅಮ್ಮನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು. ಆಮೇಲೆ ಗಂಭೀರವಾಗಿ ಅಡ್ಡಡ್ಡ ತಲೆಯಾಡಿಸಿದಳು.

"ಅಲ್ಲ. ಅಪ್ಪ ಹೀಗಿಲ್ಲ."

ಅತ್ತೆ ಸೊಸೆಯ ಕೈಯನ್ನು ತಡಕಿ ಹಿಡಿದುಕೊಂಡರು. ಆ ಹಿಡಿತದಲ್ಲಿ ಬೆರಳುಗಳು ನೋಯುವಷ್ಟು ಬಲವಿತ್ತು. ಮಗುವಿನ ನೆತ್ತಿಯ ಮೇಲೆ ಗದ್ದ ಊರಿ, ಮೆಲ್ಲಗೆ ಹೇಳಿದರು:

"ಆಯ್ತು ಬಿಡು ಕಂದ. ನಾಳೆ ಮತ್ತೆ ಕೇಳು. ನಾಳೆ ಮತ್ತೆ ಹೇಳ್ತೀವಿ."